ಹಳದಿ ಮಾತ್ರೆಯ ಪಂಕ್ತಿ

ಸಾಕಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಡಗಡೆಯ ಎದೆಯನ್ನು ಕೊಯ್ಸಿಕೊಂಡು, ತಲೆಗೂದಲೆಲ್ಲ ಉದುರಿ ಮತ್ತೆ ಮೊಳೆತು, ಐದು ವರ್ಷ ದಿನಕ್ಕೊಂದು ಮಾತ್ರೆ ನುಂಗಬೇಕಾಗಿದ್ದ ಐವತ್ಮೂರರ ಹೆಂಗಸಿನ ಮೇಲೆ ಕಿಚ್ಚುಪಡುವವಳು ಎಂಥವಳು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಎಷ್ಟು ಸಲ ಕೇಳಿಕೊಂಡರೂ ಒಳಗಿನ ಕೆಂಡ ಆರಲಿಲ್ಲ. ಬಾಯಲ್ಲಿ ಸಾಕಕ್ಕ, ನೀವು, ಬನ್ನಿ, ಕೂತ್ಕೊಳ್ಳಿ. ಮನಸ್ಸಿನಲ್ಲಿ ಮಾತ್ರ ಅವಳು, ಇವಳು. ಈಗ ಬರೆಯುವಾಗಲೂ ಅದೇ ಬರುತ್ತಿದೆ, ಇರಲಿ ಬಿಡಿ.

ನಮ್ಮೂರಿನಲ್ಲಿ ಮದ್ದನ್ನು ಒಬ್ಬೊಬ್ಬರೇ ಕೂತು ನುಂಗುವ ಹಾಗಿಲ್ಲ. ಪೇಟೆ ಬೀದಿಯ ಕೊನೆಗೆ ಕಾಂಪೌಂಡರ್ ವೆಂಕೋಬಯ್ಯನವರ ಅಂಗಡಿ, ಅದಕ್ಕೆ ಅಂಟಿಕೊಂಡು ಒಂದು ಉದ್ದನೆಯ ಪಡಸಾಲೆ. ಅಲ್ಲಿ ಸಾಲಾಗಿ ಬೆಂಚುಗಳು. ಯಾವ ಮಾತ್ರೆ ನುಂಗುತ್ತೀರೋ ಆ ಮಾತ್ರೆಯ ಪಂಕ್ತಿಯಲ್ಲಿ ಕೂರಬೇಕು. ಹೊಸ ಡಬ್ಬಿ ತೆಗೆದಾಗಲೆಲ್ಲ ಅದರ ಮೊದಲ ಮಾತ್ರೆಯನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಬೇಕು. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯನ್ನು ತುಟಿಗೆ ಒತ್ತಿಕೊಂಡು, ನಿಮ್ಮ ಪರವಾಗಿ ಒಂದೇ ಒಂದು ಮಾತು ಪಿಸುಗುಟ್ಟಿ ಹಿಂದಕ್ಕೆ ಕೊಡುತ್ತಾರೆ. ಆ ಮಾತು ಡಬ್ಬಿಯೊಳಗಿನ ಉಳಿದ ಮಾತ್ರೆಗಳಿಗೂ ಹತ್ತಿಕೊಳ್ಳುತ್ತದೆ. ನಿಮ್ಮ ಮಾತ್ರೆಗೆ ನೀವೇ ಹೇಳಿಕೊಂಡರೆ ಹತ್ತುವುದಿಲ್ಲ. ಬೇರೆ ಪಂಕ್ತಿಯವರು ಹೇಳಿದರೂ ಹತ್ತುವುದಿಲ್ಲ. ಅದೇ ಮದ್ದು ಆ ದಿನಗಳಲ್ಲಿ ಯಾರ ಗಂಟಲಲ್ಲಿ ಇಳಿಯುತ್ತಿದೆಯೋ ಆ ಗಂಟಲಿನ ಮಾತನ್ನಷ್ಟೇ ಮದ್ದು ಕೇಳುತ್ತದೆ. ಮಾತು ಬೀಳದ ಮಾತ್ರೆಗೆ ನಮ್ಮಲ್ಲಿ ಚಪ್ಪೆ ಮಾತ್ರೆ ಎನ್ನುತ್ತಾರೆ. ಉಪ್ಪಿಲ್ಲದ ಸಾರಿನ ಹಾಗೆ, ಒಳಗೆ ಹೋಗುತ್ತದೆ, ಅಷ್ಟೆ.

ಬಿ.ಪಿ. ಪಂಕ್ತಿ ಎಲ್ಲಕ್ಕಿಂತ ಉದ್ದ. ಅಲ್ಲಿಂದ ಬೆಳಿಗ್ಗೆಯೆಲ್ಲ 'ಇಳಿಯಲಿ, ಇಳಿಯಲಿ' ಎಂಬ ಗುಸುಗುಸು ಕೇಳುತ್ತಿದ್ದರೆ ಎಲ್ಲೋ ಲಾರಿಯಿಂದ ಮೂಟೆ ಇಳಿಸುತ್ತಿದ್ದಾರೆ ಎನ್ನಿಸಬೇಕು. ನಿದ್ದೆಯ ಮಾತ್ರೆಯವರದು 'ಬಾ, ಬಾ'. ಬಾಗಿಲ ಹತ್ತಿರದ ಕಬ್ಬಿಣದ ಮಾತ್ರೆಯ ಪಂಕ್ತಿ ಬಸುರಿಯರದು. ಅವರು ಒಬ್ಬರಿಗೊಬ್ಬರು 'ನಿಲ್ಲಲಿ' ಎಂದು ಹೇಳಿಕೊಂಡು ಆಮೇಲೆ ಅರ್ಧ ಗಂಟೆ ಹರಟುತ್ತಾರೆ. ಹಿಂದೊಮ್ಮೆ ಬಿ.ಪಿ. ಪಂಕ್ತಿಯಲ್ಲಿ ಇಬ್ಬರು ಬೀಗರು ಮದುವೆ ಊಟದ ವಿಷಯಕ್ಕೆ ಮುನಿಸಿಕೊಂಡು, ಒಬ್ಬ ಇನ್ನೊಬ್ಬನ ಮಾತ್ರೆಗೆ 'ಏರಲಿ' ಎಂದುಬಿಟ್ಟಿದ್ದ. ಆ ಇನ್ನೊಬ್ಬ ನಾಲ್ಕೇ ದಿನದಲ್ಲಿ ಬಾಯಿ ಸೊಟ್ಟಗಾಗಿ ಆಸ್ಪತ್ರೆ ಸೇರಿದ. ಅಂದಿನಿಂದ ಮಾತು ಕೆಡಿಸಿದವರು ಪಡಸಾಲೆಯ ನಡುವೆ ನಿಂತು ಎಲ್ಲರೆದುರು ಒಪ್ಪಿಕೊಳ್ಳಬೇಕು, ಆಮೇಲೆಯೇ ಹೊಸ ಡಬ್ಬಿ ಕೊಡುವುದು ಎಂದು ವೆಂಕೋಬಯ್ಯ ಕಟ್ಟಳೆ ಮಾಡಿದರು.

ಹಳದಿ ಮಾತ್ರೆಯ ಪಂಕ್ತಿ ಕೊನೆಯದು, ಕಿಟಕಿಯ ಪಕ್ಕದ್ದು. ಅದರಲ್ಲಿ ಕೂರುತ್ತಿದ್ದವರು ನಾವಿಬ್ಬರೇ, ನಾನು ಮತ್ತು ಸಾಕಮ್ಮ. ಇಬ್ಬರದೂ ಒಂದೇ ಮಾತ್ರೆ, ಒಂದೇ ಬಣ್ಣ, ಒಂದೇ ಗಾತ್ರ. ಅವಳಿಗೆ ದಿನವೂ, ನನಗೆ ಮುಟ್ಟಾದ ಮೂರನೆಯ ದಿನದಿಂದ ಐದು ದಿನ. ಮೊದಲ ಸಲ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅದನ್ನು ಬರೆದುಕೊಟ್ಟಾಗ ನಾನು ಗಾಬರಿಯಾಗಿ, "ಇದು ಕ್ಯಾನ್ಸರ್ ಮಾತ್ರೆ ಅಲ್ವಾ ಮೇಡಂ?" ಎಂದಿದ್ದೆ. ಅವರು ನಕ್ಕು, ಹೆಣ್ಣಿನ ಮೈಯಲ್ಲಿ ಒಂದು ಹಾರ್ಮೋನು ಇದೆ, ಈ ಮಾತ್ರೆ ಅದನ್ನು ತಗ್ಗಿಸುತ್ತದೆ, ತಗ್ಗಿತೆಂದು ತಿಳಿದ ಕೂಡಲೇ ನಿನ್ನ ಮೈ ಎಚ್ಚೆತ್ತು ಮೊಟ್ಟೆ ಬೆಳೆಸುತ್ತದೆ, ಕ್ಯಾನ್ಸರ್ ಆದವರ ಮೈಯಲ್ಲಾದರೆ ಅದೇ ಹಾರ್ಮೋನು ಸಿಗದೆ ಗಂಟಿಗೆ ಊಟ ತಪ್ಪುತ್ತದೆ ಎಂದು ಬಿಡಿಸಿ ಹೇಳಿದರು. ಹಾಗಾಗಿ ನಮ್ಮ ಪಂಕ್ತಿಯಲ್ಲಿ ಮಾತುಗಳು ಎರಡು. ನಾನು ಅವಳ ಮಾತ್ರೆಗೆ 'ಬರದಿರಲಿ' ಎನ್ನಬೇಕು. ಅವಳು ನನ್ನ ಮಾತ್ರೆಗೆ 'ಬರಲಿ' ಎನ್ನಬೇಕು.

ನಾನು ಬ್ಲೌಸ್ ಹೊಲಿಯುವವಳು, ಹೆಸರು ಜಲಜಾಕ್ಷಿ. ಮದುವೆಯಾಗಿ ಹನ್ನೊಂದು ವರ್ಷ. ಊರಿನ ಯಾವ ಹೆಂಗಸಿಗೆ ಎಷ್ಟನೇ ತಿಂಗಳು ಎಂಬುದು ಅವಳ ಅತ್ತೆಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ. ಸೀಮಂತದ ಬ್ಲೌಸು, ಬಾಣಂತಿಯ ಬ್ಲೌಸು, ಕೂಸಿನ ಅಂಗಿ ಹೊಲಿದು ಹೊಲಿದು ನನ್ನ ಬೆರಳುಗಳಿಗೆ ಎಲ್ಲ ಗೊತ್ತು, ಹೊಟ್ಟೆಗೆ ಮಾತ್ರ ಏನೂ ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಯಾರಾದರೂ ನನ್ನ ಮನೆಗೆ ಒಂದು ಕಿತ್ತಳೆ ಹಣ್ಣು ಹಿಡಿದು, 'ಹೇಗಿದ್ದೀಯ ತಾಯಿ' ಎಂದು ಬಂದದ್ದಿಲ್ಲ. ಬಂದವರೆಲ್ಲ ಕೇಳಿದ್ದು ಒಂದೇ: "ಇನ್ನೂ ಏನೂ ಇಲ್ವಾ?"

ಸಾಕಮ್ಮನಿಗೋ, ದಾಳಿಂಬೆ ಏನು, ರಾಗಿ ಮಾಲ್ಟ್ ಏನು, ಎಳನೀರೇನು! ಪಡಸಾಲೆಗೆ ಅವಳು ಬಂದರೆ ಬಿ.ಪಿ. ಪಂಕ್ತಿಯ ಗಂಡಸರು ಎದ್ದು ಫ್ಯಾನು ಅವಳ ಕಡೆ ತಿರುಗಿಸುತ್ತಿದ್ದರು. ಆ ಮಾತ್ರೆಗೆ ಮೈ ಇದ್ದಕ್ಕಿದ್ದಂತೆ ಕಾದು ಬೆವರು ಕಿತ್ತುಬರುತ್ತದೆ. ಅವಳಿಗೆ ಬಂದರೆ, "ಪಾಪ, ನೀರು ಕೊಡ್ರೋ." ನನಗೆ ಬಂದರೆ, "ಯಾಕಮ್ಮ, ಬಿಸಿಲಲ್ಲಿ ನಡ್ಕೊಂಡು ಬಂದ್ಯಾ?" ಹಿಟ್ಟಿನ ಗಿರಣಿ ನಡೆಸುವ ನನ್ನ ಗಂಡ ನಿಂಗರಾಜು ಸಹ ಅವಳ ರಾಗಿಯನ್ನು ಸರದಿ ಬಿಟ್ಟು ಮೊದಲು ಬೀಸಿಕೊಟ್ಟು, ರಾತ್ರಿ ಊಟಕ್ಕೆ ಕೂತಾಗ, "ಆಯಮ್ಮನ ಧೈರ್ಯ ನೋಡಿ ಕಲೀಬೇಕು ಕಣೇ," ಎನ್ನುತ್ತಿದ್ದ. ನಾನು ಅನ್ನದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಅವಳ ಕಾಯಿಲೆಗೆ ಹೆಸರಿತ್ತು, ಊರಿನ ಮರ್ಯಾದೆ ಇತ್ತು. ನನ್ನದು ಕಾಯಿಲೆ ಎಂದೇ ಯಾರೂ ಒಪ್ಪಲಿಲ್ಲ.

ಇನ್ನು ಮಕ್ಕಳ ವಿಷಯ. ಐದನೆಯದೂ ಹೆಣ್ಣಾಯಿತು, ಇನ್ನು ಸಾಕು ಎಂದು ಅವಳ ಅಪ್ಪ ಇಟ್ಟ ಹೆಸರು ಸಾಕಮ್ಮ. ಸಾಕು ಎಂದು ಹೆಸರಿಟ್ಟುಕೊಂಡವಳಿಗೆ ಮೂರು ಮಕ್ಕಳು. ಬೇಕು ಬೇಕು ಎಂದು ಬಾಯಿ ಬಡಿದುಕೊಳ್ಳುವ ನನಗೆ ಒಂದೂ ಇಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂದು ಗಾದೆ ಮಾಡಿದವರು ನಮ್ಮ ಪಂಕ್ತಿಯಲ್ಲೇ ಕೂತು ಮಾಡಿರಬೇಕು.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆನೇನೋ. ತಡೆಯಲಾರದ್ದು ಅವಳ ಮುಖ. ಮುಟ್ಟಿನ ದಿನ ಹತ್ತಿರ ಬಂದಂತೆ ಸಾಕಮ್ಮ ಏನಾದರೂ ನೆಪ ಹೂಡಿ ನನ್ನ ಹೊಲಿಗೆ ಕೋಣೆಯ ಬಾಗಿಲಿಗೆ ಬರುತ್ತಿದ್ದಳು. ಒಂದು ದಿನ ಗುಂಡಿ ಹಾಕಿಸಲು, ಒಂದು ದಿನ ದಾರದ ಉಂಡೆ ಕೇಳಲು. ಹೋಗುವಾಗ ತಗ್ಗಿದ ದನಿಯಲ್ಲಿ, "ಆಯ್ತೇನೇ?" ನಾನು ಇಲ್ಲವೆಂದು ತಲೆಯಾಡಿಸಿದರೆ ಮುಖ ಬಾಡುತ್ತಿತ್ತು. "ಆಯ್ತು ಸಾಕಕ್ಕ" ಎಂದರೆ, ನಾನು ಬಚ್ಚಲಲ್ಲಿ ಅತ್ತು ಕಣ್ಣು ಊದಿಸಿಕೊಂಡು ನಿಂತಿದ್ದರೂ, ಅವಳ ಮುಖ ಅರಳುತ್ತಿತ್ತು. ಕಣ್ಣಾರೆ ಕಂಡಿದ್ದೇನೆ. ಮಾತ್ರೆ ಶುರುಮಾಡಿದ ನಾಲ್ಕನೆಯ ತಿಂಗಳಲ್ಲಿ ಏಳು ದಿನ ತಡವಾಯಿತು. ನಾನೂ ನಿಂಗರಾಜುವೂ ಏಳು ದಿನ ಉಸಿರು ಬಿಗಿಹಿಡಿದಿದ್ದೆವು. ಎಂಟನೆಯ ದಿನ ಬೆಳಿಗ್ಗೆ ಆಯಿತು. ಸಾಕಮ್ಮ ಬಂದು ಕೇಳಿದಳು, ಹೇಳಿದೆ. "ಸದ್ಯ!" ಎಂದುಬಿಟ್ಟಳು. ಎಂದವಳು ನಾಲಿಗೆ ಕಚ್ಚಿಕೊಂಡು, ದಾರದ ಉಂಡೆಯನ್ನೂ ಮರೆತು ಹೊರಟುಹೋದಳು.

ಸದ್ಯ. ಬಸ್ಸು ಸಿಕ್ಕಿದರೆ ಅನ್ನುವ ಮಾತು, ಮಳೆ ನಿಂತರೆ ಅನ್ನುವ ಮಾತು. ನನ್ನ ಮಡಿಲು ಬರಿದಾದದ್ದಕ್ಕೆ ಅಂದಳು. ಮೂರು ಹೆತ್ತವಳಿಗೆ ನಾನೊಂದು ಹೆರುವುದೂ ಸಹಿಸದೇ ಎಂಬ ಉರಿಯಲ್ಲಿ ಆ ದಿನ ಕತ್ತರಿ ಹಾಕಿದ ಬಟ್ಟೆಯೆಲ್ಲ ಓರೆಯಾಯಿತು.

ಎಂಟನೆಯ ತಿಂಗಳು ಬಂತು. ಡಾಕ್ಟರಮ್ಮ, ಇದೇ ಕೊನೆಯ ಸಲ, ಇದಕ್ಕೂ ಆಗದಿದ್ದರೆ ಈ ಮಾತ್ರೆ ಬಿಟ್ಟು ಬೇರೆ ದಾರಿ ನೋಡೋಣ ಎಂದಿದ್ದರು. ಆ ತಿಂಗಳೇ ಸಾಕಮ್ಮನ ಕಿರಿಯ ಮಗಳು ನಳಿನಿ ಏಳು ತಿಂಗಳ ಹೊಟ್ಟೆ ಹೊತ್ತು ತವರಿಗೆ ಬಂದು, ಸೀಮಂತದ ಹಸಿರು ರೇಷ್ಮೆ ಬ್ಲೌಸಿಗೆ ಅಳತೆ ಕೊಡಲು ನನ್ನ ಮುಂದೆ ನಿಂತಳು. ಟೇಪು ಹಿಡಿದಾಗ ಒಳಗಿನ ಕೂಸು ಒದ್ದದ್ದು ನನ್ನ ಬೆರಳಿಗೆ ತಾಗಿತು. ನಳಿನಿ ನಕ್ಕಳು. ನಾನೂ ನಕ್ಕೆ. ಅದಾಗಿ ಮೂರನೆಯ ದಿನ ನಾನು ಕೊನೆಯ ಐದು ಮಾತ್ರೆಯ ಪೊಟ್ಟಣ ಹಿಡಿದು ಪಂಕ್ತಿಗೆ ಹೋದೆ. ಸಾಕಮ್ಮ ಆಗಲೇ ಹೊಸ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ತಡ, ಮುಖದಲ್ಲಿ ಅದೇ ಬೆಳಕು. "ಬಂದ್ಯಾ? ಸದ್ಯ" ಎಂದು ಜಾಗ ಬಿಟ್ಟಳು.

ಅವಳ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದೆ. ತುಟಿಗೆ ಒತ್ತಿದೆ. ಬಾಯಿತಪ್ಪಿ ಬಂತು ಎಂದರೆ ನೀವು ನಂಬುತ್ತೀರಿ, ಆದರೆ ಸುಳ್ಳಾಗುತ್ತದೆ. 'ಬರಲಿ' ಎಂದೆ. ಬೇಕೆಂದೇ ಹೇಳಿದೆ. ಅವಳು ಏನೂ ಅರಿಯದೆ ಮಾತ್ರೆ ತೆಗೆದುಕೊಂಡು ನೀರು ಕುಡಿದು, ಅಂಗೈಯಿಂದ ಬಾಯೊರೆಸಿಕೊಂಡು, ನನ್ನ ಮಾತ್ರೆಗೆ ಕೈ ನೀಡಿದಳು.

ಮನೆಗೆ ಬರುವಷ್ಟರಲ್ಲಿ ಕೆಂಡ ಆರಿ ಕೈಕಾಲು ತಣ್ಣಗಾಗಿದ್ದವು. ಡಬ್ಬಿಯಲ್ಲಿ ಮೂವತ್ತು ಮಾತ್ರೆ. ದಿನವೂ ಒಂದೊಂದು 'ಬರಲಿ' ಅವಳ ಮೈಯೊಳಗೆ ಇಳಿಯುತ್ತಿತ್ತು. ಎರಡು ದಿನ ಮಿಷನ್ ತುಳಿಯಲಾಗಲಿಲ್ಲ. ನಿಂಗರಾಜು, "ಮಾತ್ರೆ ಕಾಟ ಕೊಡ್ತಾ ಇದ್ಯೇನೇ?" ಎಂದು ಹಣೆ ಮುಟ್ಟಿ ನೋಡಿದ. ಅವಳ ಬಳಿ ಹೇಳಿದರೆ ಪಡಸಾಲೆಯ ನಡುವೆ ನಿಲ್ಲಬೇಕು, ಹೇಳದಿದ್ದರೆ ಅವಳು ನುಂಗುತ್ತಲೇ ಇರುತ್ತಾಳೆ. ನನ್ನ ಪೊಟ್ಟಣ ಮುಗಿದರೆ ನನ್ನ ಗಂಟಲಿನ ಮಾತಿಗೂ ಬೆಲೆಯಿಲ್ಲ, ಸರಿಪಡಿಸಲಿಕ್ಕೂ ಆಗುವುದಿಲ್ಲ.

ನಾಲ್ಕನೆಯ ಮಾತ್ರೆಯ ದಿನ ಸಾಕಮ್ಮ ತಾನೇ ಬಂದಳು. ಮಗಳ ಸೀಮಂತಕ್ಕೆ ತನಗೂ ಒಂದು ಬ್ಲೌಸು ಬೇಕಾಗಿತ್ತು. ಆಪರೇಷನ್ ಆದ ಮೇಲೆ ಅವಳು ಯಾವ ಸಮಾರಂಭಕ್ಕೂ ಹೋಗಿರಲಿಲ್ಲ. "ಆ ಕಡೆ ಏನಾದ್ರೂ ತುಂಬಿಸಿ ಸಮ ಮಾಡ್ಕೊಡೇ. ಸೆರಗು ಹೊದ್ಕೊಂಡು ಹೊದ್ಕೊಂಡು ಕತ್ತು ನೋಯುತ್ತೆ," ಎಂದಳು. ಅಳತೆ ಕೊಡಲು ಬಂದಾಗ ನಳಿನಿ ಇದನ್ನು ಹೇಳಿದ್ದಳು, ನಾನು ಆಗಲೇ ಮೆತ್ತನೆಯ ಬಟ್ಟೆಯಲ್ಲಿ ಒಂದು ಗೂಡು ಹೊಲಿದು, ಹತ್ತಿ ತುಂಬಿ, ತೂಕಕ್ಕೆ ನಡುವೆ ಸಾಸಿವೆ ಹಾಕಿಟ್ಟಿದ್ದೆ. ಬಾಗಿಲು ಹಾಕಿದೆ. ಅವಳು ಸೆರಗು ಇಳಿಸಿದಳು. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ನಾನು ಅದನ್ನು ನೋಡಿರಲಿಲ್ಲ. ಅವಸರದಲ್ಲಿ ಹಾಕಿದ ಹೊಲಿಗೆಯ ಹಾಗೆ ಕಂಕುಳವರೆಗೆ ಒಂದು ಗೆರೆ, ಉಳಿದದ್ದೆಲ್ಲ ಬಯಲು. ನಾನು ಟೇಪು ಹಿಡಿದು ನಿಂತೇ ಇದ್ದೆ.

"ಏನೇ, ಅಳತೆ ತಗೊಳ್ಳೋಕೆ ಅಲ್ಲೇನೂ ಇಲ್ಲ ಅಂತ ನೋಡ್ತಿದ್ಯಾ?" ಎಂದು ನಕ್ಕಳು.

"ಸಾಕಕ್ಕ, ಆ ಡಬ್ಬೀಲಿರೋ ಮಾತ್ರೆ ಇನ್ಮೇಲೆ ನುಂಗ್ಬೇಡಿ."

"ಯಾಕೆ?"

"ನಾನು ಬರದಿರಲಿ ಅನ್ಲಿಲ್ಲ. ಬರಲಿ ಅಂದೆ."

ಅವಳು ಸೆರಗನ್ನು ನಿಧಾನವಾಗಿ ಮೇಲೆಳೆದುಕೊಂಡಳು. "ಬಾಯ್ತಪ್ಪಿ ಅಂದ್ಯಾ?"

"ಇಲ್ಲ. ಬೇಕೂಂತ್ಲೇ ಅಂದೆ. ನಾನು ಆಯ್ತು ಅಂದಾಗ್ಲೆಲ್ಲಾ ನೀವು ಸದ್ಯ ಅಂತೀರಿ. ನನ್ ಹೊಟ್ಟೆ ಉರಿಯೋ ದಿನ ನಿಮ್ಗೆ ಹಬ್ಬ. ಅದಕ್ಕೆ ಅಂದೆ."

ಬೈಯುತ್ತಾಳೆ, ಕೆನ್ನೆಗೆ ಹೊಡೆಯುತ್ತಾಳೆ ಎಂದು ಕಾದೆ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು. "ನಾನ್ಯಾಕೆ ಸದ್ಯ ಅಂತಿದ್ದೆ ಗೊತ್ತೇನೇ?" ಎಂದಳು. "ನೀನು ಬಸರಿ ಆದ್ರೆ ಎದ್ದು ಕಬ್ಣದ ಪಂಕ್ತಿಗೆ ಹೋಗ್ಬಿಡ್ತೀಯ. ಆಮೇಲೆ ನನ್ ಮಾತ್ರೆಗೆ ಮಾತು ಹೇಳೋರ್ಯಾರು? ನೀನು ಬರೋಕ್ಮುಂಚೆ ಮೂರು ತಿಂಗ್ಳು ಒಬ್ಳೇ ಕೂತಿದ್ದೆ. ಚಪ್ಪೆ ಮಾತ್ರೆ ನುಂಗೋದು, ಸ್ನಾನಕ್ಕೆ ಹೋದಾಗ ಉಳಿದಿರೋ ಈ ಕಡೇನ ಬೆರಳಲ್ಲಿ ಒತ್ತಿ ಒತ್ತಿ ನೋಡ್ಕೊಳ್ಳೋದು. ನೀನು ಮುಟ್ಟಾದ್ರೆ ನಂಗೆ ಇನ್ನೊಂದು ತಿಂಗ್ಳು ಜೀವ ಕಣೇ."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಎಂಟು ತಿಂಗಳು ಪಕ್ಕದಲ್ಲಿ ಕೂತು ಅವಳ ದಾಳಿಂಬೆ ಲೆಕ್ಕ ಹಾಕಿದೆನೇ ಹೊರತು ಇದನ್ನು ಯೋಚಿಸಲಿಲ್ಲ. ನನ್ನ ಕಣ್ಣು ತುಂಬಿತು. ತುಂಬಿದ್ದು ಚೆಲ್ಲುವ ಮೊದಲೇ ಅವಳು ಇನ್ನೊಂದು ಮಾತು ಹೇಳಿದಳು.

"ನೀನು ಹೇಳ್ಬಿಟ್ಟೆ, ನಾನೂ ಹೇಳ್ಬಿಡ್ತೀನಿ. ನಿನ್ ಮಾತ್ರೆಗೆ ನಾನು ಏನೂ ಅಂತಿರ್ಲಿಲ್ಲ. ಮುಷ್ಟಿ ಹಿಡ್ಕೊಂಡು ಬರೀ ಉಸಿರು ಬಿಡ್ತಿದ್ದೆ."

"ಯಾವಾಗಿಂದ?"

"ಮೊದಲ್ನೇ ತಿಂಗ್ಳೊಂದು ಬಿಟ್ಟು."

ಏಳು ತಿಂಗಳು! ಏಳು ತಿಂಗಳು ನಾನು ನುಂಗಿದ್ದು ಚಪ್ಪೆ ಮಾತ್ರೆ. ಕೈಯಲ್ಲಿದ್ದ ಟೇಪನ್ನು ಗೋಡೆಗೆ ಎಸೆದೆ. ಪಶ್ಚಾತ್ತಾಪ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. "ಮೂರಿದಾವಲ್ರೀ ನಿಮ್ಗೆ! ಮೂರು! ಊರೆಲ್ಲಾ ನಿಮ್ಮನ್ನ ತಲೆ ಮೇಲೆ ಹೊತ್ಕೊಂಡಿದೆ. ನನ್ನ ಒಂದೇ ಒಂದು ಮಾತನ್ನೂ ನೀವೇ ನುಂಗ್ಬೇಕಾಗಿತ್ತಾ?"

"ಮೂರು ಹೆತ್ತೋಳಿಗೆ ಸಾಯೋಕೆ ಇಷ್ಟ ಇರುತ್ತೆ ಅಂದ್ಕೊಂಡ್ಯಾ?" ಅವಳೂ ಎದ್ದು ನಿಂತಳು. "ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು ಕಣೇ ಜಲಜ. ಐದು ದಿನ ನುಂಗ್ತೀಯ, ಕೈ ಕೊಡವಿಕೊಂಡು ಎದ್ದು ಹೋಗ್ತೀಯ. ನಿಂದು ಬರಲಿ ಅನ್ನೋ ಮಾತು. ನಂಗೆ ಡಾಕ್ಟ್ರು, ಮಕ್ಕಳು, ನೆಂಟ್ರು, ನೀನು, ಎಲ್ಲಾರೂ ಅನ್ನೋದು ಬರದಿರಲಿ, ಬರದಿರಲಿ. ಬರಲಿ ಅಂತ ಕಾಯೋ ಅಂಥಾದ್ದು ನನ್ ಮೈಯಲ್ಲಿ ಏನಾದ್ರೂ ಉಳಿದಿದ್ಯಾ? ಆ ಮಾತು ನಿನ್ ಮಾತ್ರೆಗೆ ಹೇಳೋಕ್ ಹೋದ್ರೆ ಗಂಟಲಲ್ಲೇ ಸಿಕ್ಕೊಳ್ತಿತ್ತು."

ಅಷ್ಟರಲ್ಲಿ ಅವಳ ಹಣೆ ಬೆವರಿತು. ನನ್ನ ಬೆನ್ನಲ್ಲೂ ಬಿಸಿ ಏರತೊಡಗಿತು. ಒಂದೇ ಮಾತ್ರೆಯಲ್ಲವೇ, ಜಗಳ ಮುಗಿಯಲಿ ಎಂದು ಕಾಯುತ್ತದೆಯೇ? ಹೊಲಿಗೆ ಕೋಣೆಯಲ್ಲಿ ಇರುವುದು ಒಂದೇ ಮೇಜಿನ ಫ್ಯಾನು. ಇಬ್ಬರೂ ಅದರ ಮುಂದೆ ಭುಜಕ್ಕೆ ಭುಜ ಒತ್ತಿಕೊಂಡು ನಿಂತೆವು, ಏದುಸಿರು ಬಿಡುತ್ತ. ಬ್ಲೌಸ್ ಕತ್ತರಿಸಲು ಇಟ್ಟಿದ್ದ ಪೇಪರಿನ ಅಚ್ಚು ಕೈಗೆ ಸಿಕ್ಕಿತು, ಅದರಲ್ಲಿ ನಾನು ಗಾಳಿ ಹಾಕಿಕೊಂಡೆ. ಆಮೇಲೆ ಅವಳಿಗೂ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಬೇಡಿ.

ಬೆವರು ಆರಿದ ಮೇಲೆ ಸಾಕಮ್ಮ ಕೇಳಿದಳು. "ನಿಂದಿನ್ನೆಷ್ಟು ಉಳಿದಿದೆ?"

"ನಾಳೆ ಒಂದು. ಅಷ್ಟೇ. ಆಮೇಲೆ ಈ ಮಾತ್ರೇನೇ ಇಲ್ಲ ನಂಗೆ."

"ಹಂಗಾದ್ರೆ ನಾಳೆ ಹತ್ತು ಗಂಟೆಗೆ ಬಾ," ಎಂದು ಸಾಸಿವೆಯ ಗೂಡನ್ನು ಕೈಯಲ್ಲಿ ತೂಗಿ ನೋಡಿ, "ಒಂದು ಹಿಡಿ ಜಾಸ್ತಿ ಆಯ್ತು, ತೆಗಿ," ಎಂದು ಹೊರಟುಹೋದಳು.

ಮರುದಿನ ಪಡಸಾಲೆ ತುಂಬಿತ್ತು. ನಾನು ನಡುವೆ ನಿಂತು ಒಪ್ಪಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ವೆಂಕೋಬಯ್ಯ ಕನ್ನಡಕದ ಮೇಲಿನಿಂದ ನೋಡಿ, "ನಾಲ್ಕು ದಿನದ ಹಿಂದೆ ತಾನೇ ಡಬ್ಬಿ ತಗೊಂಡ್ರಿ, ಹೊಸದ್ಯಾಕೆ?" ಎಂದರು. ನಾನು ಬಾಯಿ ತೆರೆದೆ. ಸಾಕಮ್ಮ ನನ್ನ ಕಾಲು ತುಳಿದಳು. "ನೀರಿನ ಹಂಡೆಗೆ ಬಿತ್ತು ಸ್ವಾಮಿ, ಎಲ್ಲಾ ಕರಗೋಯ್ತು," ಎಂದಳು. ಅವಳ ಹಳೆಯ ಡಬ್ಬಿ ಮುಚ್ಚಳ ಭದ್ರವಾಗಿದ್ದು ಸೆರಗಿನ ಗಂಟಿನಲ್ಲಿ ಕಾಣುತ್ತಿತ್ತು. ಕಾಂಪೌಂಡರ್ ಅದನ್ನೂ ನೋಡಿದರು, ನಮ್ಮಿಬ್ಬರನ್ನೂ ನೋಡಿದರು, ಹೊಸ ಡಬ್ಬಿ ತೆಗೆದು ಕೊಟ್ಟರು.

ಕಿಟಕಿಯ ಪಕ್ಕ ಕೂತೆವು. ಅವಳ ಮಾತ್ರೆ ನನ್ನ ಕೈಗೆ ಬಂತು. ನಾನು ಮುಷ್ಟಿ ಕಟ್ಟಲಿಲ್ಲ. ಅಂಗೈ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಗಂಟಲು ಬಿಚ್ಚಿ, "ಬರದಿರಲಿ!" ಎಂದೆ. ಬಿ.ಪಿ. ಪಂಕ್ತಿಯ ಮೂಟೆ ಇಳಿಸುವ ಸದ್ದು ನಿಂತುಹೋಯಿತು. ನಮ್ಮೂರಿನಲ್ಲಿ ಯಾರೂ ಮಾತನ್ನು ಹಾಗೆ ಹೇಳಿದ್ದಿಲ್ಲ. ಸಾಕಮ್ಮ ನನ್ನ ಕೊನೆಯ ಮಾತ್ರೆಯನ್ನು ಎತ್ತಿಕೊಂಡಳು. ಅವಳು ಆ ಮಾತು ಹೇಳಿ ಅದು ಫಲಿಸಿದರೆ ಕಳೆದುಕೊಳ್ಳುವುದು ನನ್ನನ್ನು. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೆಯ ಸಲ "ಬರಲಿ!" ಎಂದಳು ನೋಡಿ, ಕಬ್ಬಿಣದ ಪಂಕ್ತಿಯಲ್ಲಿ ಯಾರದೋ ಕೈಯಿಂದ ನೀರಿನ ಲೋಟ ಬಿತ್ತು.

ಮಗಳ ಸೀಮಂತಕ್ಕೆ ಸಾಕಮ್ಮ ಸೆರಗನ್ನು ಹಿಂದಕ್ಕೆ ಸಿಕ್ಕಿಸಿಕೊಂಡು ಓಡಾಡಿದಳು. ಬ್ಲೌಸು ಚೆನ್ನಾಗಿ ಕೂತಿತ್ತು, ಅದನ್ನು ನಾನೇ ಹೇಳಬಾರದು. ನಳಿನಿಯ ಪಕ್ಕದಲ್ಲಿ ಅವಳು ನಗುತ್ತ ಕೂತದ್ದನ್ನು ನೋಡಿ ನನ್ನ ಹೊಟ್ಟೆ ಮತ್ತೆ ಚುರ್ರೆಂದಿತು. ಒಂದು ದಿನ ಕಿರುಚಿದ್ದಕ್ಕೆ ಸ್ವಭಾವ ಬದಲಾಗುತ್ತದೆಯೇ?

ಮುಂದಿನ ತಿಂಗಳು ನನ್ನ ದಿನ ದಾಟಿತು. ಸಾಕಮ್ಮ ದಿನವೂ ಬಂದಳು, ಈ ಸಲ ಗುಂಡಿಯ ನೆಪವೂ ಇಲ್ಲದೆ. ಅವಳ ಡಬ್ಬಿ ಮುಗಿದು ಹೊಸ ಡಬ್ಬಿಯ ಚಪ್ಪೆ ಮಾತ್ರೆ ಶುರುವಾಗಿತ್ತು. ಬಾಗಿಲಲ್ಲಿ ನಿಂತು "ಆಯ್ತೇನೇ?" ಎನ್ನುವಳು, ನಾನು ಇಲ್ಲವೆಂದರೆ ಅಳಬೇಕೋ ನಗಬೇಕೋ ತಿಳಿಯದೆ ಮುಖ ಎರಡು ಪಾಲಾಗುತ್ತಿತ್ತು. ಹತ್ತನೆಯ ದಿನ ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ ಮೂಡಿದ್ದನ್ನು ಅವಳಿಗೆ ತೋರಿಸಿದೆ. ನಿಂಗರಾಜುವಿಗೆ ತೋರಿಸಿದ್ದೂ ಆಮೇಲೆಯೇ. ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು, ನನ್ನ ತಲೆಯ ಮೇಲೆ ಕೈಯಿಟ್ಟಳು, ಬಹಳ ಹೊತ್ತು ಇಟ್ಟುಕೊಂಡಳು. ಆ ಸಲ ಮಾತ್ರ ಸದ್ಯ ಎನ್ನಲಿಲ್ಲ.

ನಾನು ಕಬ್ಬಿಣದ ಪಂಕ್ತಿಗೆ ಹೋದೆ. ಹನ್ನೊಂದು ವರ್ಷ ದೂರದಿಂದ ನೋಡಿ ಕರುಬಿದ್ದ ಪಂಕ್ತಿ. ಹದಿನೈದು ಹೆಂಗಸರು, ಒಬ್ಬಳು ಮಾವಿನಕಾಯಿ ಹೋಳು ಕೊಟ್ಟರೆ ಇನ್ನೊಬ್ಬಳು ಹುಣಸೆಹಣ್ಣು. ನಾನು ಹೋಳು ಅಗಿಯುತ್ತ ಕಿಟಕಿಯ ಕಡೆ ನೋಡುತ್ತಿದ್ದೆ. ಎರಡು ತಿಂಗಳು ಸಾಕಮ್ಮ ಅಲ್ಲಿ ಒಬ್ಬಳೇ ಕೂತಳು. ಯಾರೂ ಹಿಡಿಯದ ಮಾತ್ರೆಯನ್ನು ತಾನೇ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನನ್ನ ಕಡೆ ಕೈಬೀಸಿ ಹೋಗುತ್ತಿದ್ದಳು. ದೊಡ್ಡಾಸ್ಪತ್ರೆಯ ತಪಾಸಣೆಯಲ್ಲಿ ಸದ್ಯಕ್ಕೆ ಏನೂ ಇಲ್ಲ ಎಂದಿದ್ದರು. ಆದರೂ ಸ್ನಾನಕ್ಕೆ ಹೋದಾಗ ಬೆರಳು ಸುಮ್ಮನಿರುವುದಿಲ್ಲ ಎಂದು ನನಗೊಬ್ಬಳಿಗೇ ಹೇಳಿದ್ದಳು.

ಮೂರನೆಯ ತಿಂಗಳು ಬಳೆ ಅಂಗಡಿಯವರ ಸೊಸೆ ರೋಹಿಣಿ ಬಂದಳು. ಇಪ್ಪತ್ತೇಳರ ಹುಡುಗಿ, ಮದುವೆಯಾಗಿ ನಾಲ್ಕು ವರ್ಷ, ಕೈಯಲ್ಲಿ ಐದು ಹಳದಿ ಮಾತ್ರೆಯ ಪೊಟ್ಟಣ. ಸಾಕಮ್ಮನಿಗೆ ಜೊತೆ ಸಿಕ್ಕಿತಲ್ಲ ಎಂದು ನಾನು ಸಂತೋಷಪಡಬೇಕಾಗಿತ್ತು. ಪಟ್ಟೆ, ಆದರೆ ಅರ್ಧ. ರೋಹಿಣಿ ಹೋಗಿ ನನ್ನ ಜಾಗದಲ್ಲಿ ಕೂತಳು. ನಾನು ಚೀಲ ನೇತುಹಾಕುತ್ತಿದ್ದ ಮೊಳೆಗೆ ತನ್ನ ಚೀಲ ನೇತುಹಾಕಿದಳು. ಸಾಕಮ್ಮ ಅವಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಕ್ಯಾನ್ಸರ್ ಆದವಳ ಪಕ್ಕದ ಜಾಗಕ್ಕೆ ಕರುಬಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹುಡುಗಿ ಮುಷ್ಟಿಯನ್ನು ತುಟಿಗೆ ಒತ್ತಿದಾಗ ನಾನು ಅಷ್ಟು ದೂರದಿಂದ, "ಜೋರಾಗಿ ಹೇಳಮ್ಮ, ಎಲ್ಲಾರ್ಗೂ ಕೇಳಿಸ್ಬೇಕು!" ಎಂದು ಕೂಗಿದೆ. ಮುಷ್ಟಿಯೊಳಗೆ ಏನೇನು ನಡೆಯಬಹುದು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದಕ್ಕೂ ಮುಂದಿನ ತಿಂಗಳು ಸಾಕಮ್ಮನ ಡಬ್ಬಿ ಮುಗಿಯುವ ದಿನ ಬಂತು. ರೋಹಿಣಿಯ ಸುಳಿವಿಲ್ಲ. ಒಂದು ದಿನ ಹೋಯಿತು, ಎರಡು, ನಾಲ್ಕು. ಸಾಕಮ್ಮ ಹೊಸ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತ ಕೂರುವಳು, ನಾನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಬೀದಿ ನೋಡುವೆ. ನನ್ನ ಹೊಟ್ಟೆ ಆಗಲೇ ಸೆರಗಿನಾಚೆ ಕಾಣುವಷ್ಟಾಗಿತ್ತು. ಐದನೆಯ ದಿನ ರೋಹಿಣಿ ಬಂದಳು. ಮೆಟ್ಟಿಲು ಹತ್ತುವಾಗಲೇ ಕಂಡಿತು, ಕಣ್ಣು ಊದಿತ್ತು, ಮೂಗು ಕೆಂಪಾಗಿತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದ ಮುಖ. ಅಂಥ ಮುಖವನ್ನು ನಾನು ಕನ್ನಡಿಯಲ್ಲಿ ಎಂಟು ತಿಂಗಳು ನೋಡಿದ್ದೇನೆ. ಕೈಯಲ್ಲಿ ಪೊಟ್ಟಣವಿತ್ತು.

"ಆಯ್ತೇನಮ್ಮ?" ಎಂದೆ.

"ಆಯ್ತು ಅಕ್ಕ," ಎಂದಳು. ಅವಳ ಕಣ್ಣು ನನ್ನ ಮುಖದಿಂದ ಜಾರಿ ಹೊಟ್ಟೆಯ ಮೇಲೆ ನಿಂತಿತು.

"ಸದ್ಯ!" ಎಂದುಬಿಟ್ಟೆ.